ನಿಯಮದ ಓದು: ವಿಡಿಯೊ ಆಟಗಳ ವಿನ್ಯಾಸ, ವಿಶ್ಲೇಷಣೆ ಮತ್ತು ಕನ್ನಡ ಅಧ್ಯಯನ

1. ಪ್ರವೇಶ

ಕಳೆದ ಅರ್ಧ ಶತಮಾನದಲ್ಲಿ ಕನ್ನಡ ಅಧ್ಯಯನದ ವ್ಯಾಪ್ತಿ ಬಹಳ ಹಿಗ್ಗಿದೆ. ಹಳಗನ್ನಡ ಕಾವ್ಯ, ಶಾಸನ, ಛಂದಸ್ಸು, ವ್ಯಾಕರಣಗಳ ಸುತ್ತ ಕಟ್ಟಿಕೊಂಡಿದ್ದ ವಿಭಾಗಗಳು ಜಾನಪದವನ್ನು, ರಂಗಭೂಮಿಯನ್ನು, ಸಿನಿಮಾವನ್ನು, ಜಾಹೀರಾತಿನ ಭಾಷೆಯನ್ನು ಒಂದೊಂದಾಗಿ ತಮ್ಮ ತೆಕ್ಕೆಗೆ ತಂದುಕೊಂಡಿವೆ. ಪ್ರತಿಯೊಂದು ಸೇರ್ಪಡೆಯ ಹೊತ್ತಿನಲ್ಲಿಯೂ ‘ಇದು ಸಾಹಿತ್ಯವೇ?’ ಎಂಬ ಆಕ್ಷೇಪ ಎದುರಾಗಿದೆ. ಆ ಆಕ್ಷೇಪಕ್ಕೆ ಉತ್ತರ ಹುಡುಕುವ ಪ್ರಯತ್ನದಲ್ಲಿಯೇ ನಮ್ಮ ವಿಮರ್ಶೆಯ ಪರಿಕರಗಳು ಹರಿತಗೊಂಡಿವೆ. ವಿಡಿಯೊ ಆಟಗಳ ವಿಷಯದಲ್ಲಿ ಅಂತಹ ಆಕ್ಷೇಪ ಕೂಡ ಕೇಳಿಬಂದಂತಿಲ್ಲ. ಏಕೆಂದರೆ ಅವುಗಳನ್ನು ಅಧ್ಯಯನಕ್ಕೆ ತರಬೇಕೆಂಬ ಬೇಡಿಕೆಯೇ ಗಟ್ಟಿಯಾಗಿ ಮಂಡಿತವಾಗಿಲ್ಲ. ನಮ್ಮ ಎದುರು ಕುಳಿತ ವಿದ್ಯಾರ್ಥಿಗಳಲ್ಲಿ ಅನೇಕರು ಕಾದಂಬರಿಯ ಓದಿಗಿಂತ ಹೆಚ್ಚಿನ ಹೊತ್ತನ್ನು ಮೊಬೈಲ್ ಆಟಗಳಲ್ಲಿ ಕಳೆಯುತ್ತಾರೆಂಬುದು ಅಧ್ಯಾಪಕರಿಗೆ ತಿಳಿಯದ ಸಂಗತಿಯೇನಲ್ಲ.

ವಿಡಿಯೊ ಆಟಗಳ ಬಗ್ಗೆ ಕನ್ನಡದಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗುತ್ತದೆ. ಒಂದು, ಆಟವು ಮಕ್ಕಳ ಮೇಲೆ ಬೀರುವ ಪರಿಣಾಮವನ್ನು ಕುರಿತದ್ದು. ಇಲ್ಲಿ ಆಟವೆಂದರೆ ಚಟ, ಹಿಂಸೆ, ಕಾಲಹರಣ. ಇನ್ನೊಂದು, ಆಟದಲ್ಲಿರುವ ಕಥೆಯನ್ನು ಕುರಿತದ್ದು. ಪುರಾಣದ ಪಾತ್ರಗಳು ಬಂದಿವೆಯೇ, ನಮ್ಮ ಸಂಸ್ಕೃತಿಯ ಚಿತ್ರಣ ಸರಿಯಾಗಿದೆಯೇ ಎಂಬ ವಿಚಾರಣೆ. ಮೊದಲನೆಯದು ಆಟದಿಂದಾಚೆ ನಿಂತು ಮಾತನಾಡುತ್ತದೆ. ಎರಡನೆಯದು ಆಟವನ್ನು ಕಥೆಯ ಇನ್ನೊಂದು ಹೊದಿಕೆಯೆಂದು ಭಾವಿಸುತ್ತದೆ. ಆಡುವವನು ಏನು ಮಾಡುತ್ತಾನೆ, ಯಾವುದನ್ನು ಮಾಡಲಾರ, ಮಾಡಿದ್ದಕ್ಕೆ ಯಾವ ಬೆಲೆ ತೆರುತ್ತಾನೆ ಎಂಬ ಪ್ರಶ್ನೆಗಳು ಎರಡರಲ್ಲಿಯೂ ಏಳುವುದಿಲ್ಲ.

ಆಟದ ಅರ್ಥ ಮೊದಲು ಅದರ ನಿಯಮದಲ್ಲಿದೆ. ನಿಯಮವನ್ನು ಓದುವ ಅಭ್ಯಾಸವನ್ನು ಸಾಹಿತ್ಯದ ಅಧ್ಯಾಪಕರು ಹೊಸದಾಗಿ ಕಲಿಯಬೇಕಾಗಿದೆ. ಅದಕ್ಕೆ ಆಟದ ವಿನ್ಯಾಸದ ಪ್ರಾಥಮಿಕ ಪಾಠಗಳು ಅಗತ್ಯ. ಹೀಗೆ ಕಲಿತದ್ದು ನಮ್ಮದೇ ಪಠ್ಯಗಳ ಮರು ಓದಿಗೂ ಒದಗುತ್ತದೆ ಎಂಬುದು ಈ ಲೇಖನದ ನಿಲುವು.

2. ಟೆಟ್ರಿಸ್: ಕಥೆಯಿಲ್ಲದ ಆಟವೊಂದರ ಓದು

ಈ ನಿಲುವನ್ನು ಪರೀಕ್ಷಿಸಲು ಕಥೆಯೇ ಇಲ್ಲದ ಆಟವನ್ನು ಆಯ್ದುಕೊಳ್ಳುವುದು ಉಚಿತ. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿಟ್‌ನೊವ್ ರೂಪಿಸಿದ ‘ಟೆಟ್ರಿಸ್’ ಅಂತಹದು. ನಾಲ್ಕು ಚೌಕಗಳನ್ನು ಜೋಡಿಸಿದ ಏಳು ಬಗೆಯ ತುಂಡುಗಳು ಮೇಲಿನಿಂದ ಬೀಳುತ್ತವೆ. ಆಡುವವನು ಅವುಗಳನ್ನು ತಿರುಗಿಸಿ, ಅಕ್ಕಪಕ್ಕ ಸರಿಸಿ ಕೂರಿಸಬೇಕು. ಒಂದು ಅಡ್ಡಸಾಲು ಪೂರ್ತಿ ತುಂಬಿದರೆ ಅದು ಅಳಿಯುತ್ತದೆ. ತುಂಡುಗಳು ಮೇಲಿನ ಅಂಚನ್ನು ಮುಟ್ಟಿದರೆ ಆಟ ಮುಗಿಯಿತು.

ಈ ಆಟವನ್ನು ಕುರಿತು ನಡೆದ ಒಂದು ವಾಗ್ವಾದ ನಮಗೆ ಬೋಧಪ್ರದವಾದುದು. ಜಾನೆಟ್ ಮರ್ರೆ 1997ರ ತಮ್ಮ ಗ್ರಂಥದಲ್ಲಿ ಟೆಟ್ರಿಸ್ ಅನ್ನು ತೊಂಬತ್ತರ ದಶಕದ ಅಮೆರಿಕನ್ನರ ಕೆಲಸದ ಹೊರೆಯ ಬದುಕಿನ ರೂಪಕವಾಗಿ ಓದಿದರು. 2001ರಲ್ಲಿ ‘ಗೇಮ್ ಸ್ಟಡೀಸ್’ ಎಂಬ ಸಂಶೋಧನ ಪತ್ರಿಕೆ ಆರಂಭವಾದಾಗ ಅದರ ಮೊದಲ ಸಂಚಿಕೆಯಲ್ಲಿಯೇ ಮಾರ್ಕು ಎಸ್ಕೆಲಿನೆನ್ ಈ ಓದನ್ನು ಕಟುವಾಗಿ ಟೀಕಿಸಿದರು. ಆಟ ಹೇಗೆ ನಡೆಯುತ್ತದೆ ಎಂಬುದನ್ನು ನೋಡದೆ ಅದರ ಮೇಲೆ ಕಥೆಯೊಂದನ್ನು ಹೇರಲಾಗಿದೆ ಎಂಬುದು ಅವರ ಆಕ್ಷೇಪದ ತಿರುಳು. ಮಾಸ್ಕೋದಲ್ಲಿ ಹುಟ್ಟಿದ ಆಟ ಅಮೆರಿಕದ ಬದುಕಿನ ಕನ್ನಡಿಯಾಗುವುದು ಹೇಗೆಂಬ ಪ್ರಶ್ನೆಯೂ ಸಹಜವಾಗಿ ಏಳುತ್ತದೆ. ಆದರೆ ಮರ್ರೆ ಅವರ ಅನುಭವ ಸುಳ್ಳೆನ್ನುವಂತಿಲ್ಲ. ಒತ್ತಡ, ಆತಂಕ, ಮುಗಿಯದ ಕೆಲಸದ ಭಾವ ಆಡುವವರಿಗೆಲ್ಲ ತಿಳಿದದ್ದೇ. ಆ ಅನುಭವ ಆಟದ ಯಾವ ಅಂಶದಿಂದ ಹುಟ್ಟಿತು ಎಂಬುದನ್ನು ತೋರಿಸದೆ ನೇರವಾಗಿ ಸಮಾಜಕ್ಕೆ ಜಿಗಿದದ್ದು ಅವರ ಓದಿನ ಕೊರತೆ. ಕವಿತೆಯ ಪದವನ್ನು ನೋಡದೆ ಅದರ ಸಂದೇಶವನ್ನು ಹೇಳುವ ವಿಮರ್ಶೆಯ ಕೊರತೆಯೂ ಇಂತಹದೇ.

ಈ ನಡುವಣ ಮೆಟ್ಟಿಲುಗಳನ್ನು ಕಾಣಿಸುವ ಸರಳ ಕ್ರಮವೊಂದನ್ನು 2004ರಲ್ಲಿ ರಾಬಿನ್ ಹುನಿಕೆ, ಮಾರ್ಕ್ ಲೆಬ್ಲಾಂಕ್ ಮತ್ತು ರಾಬರ್ಟ್ ಜುಬೆಕ್ ಮುಂದಿಟ್ಟರು. ಅವರು ಗುರುತಿಸುವ ಮೂರು ಸ್ತರಗಳನ್ನು ಕನ್ನಡದಲ್ಲಿ ನಿಯಮ, ನಡೆ, ಅನುಭವ ಎಂದು ಕರೆಯಬಹುದು. ನಿಯಮವೆಂದರೆ ವಿನ್ಯಾಸಕಾರ ಬರೆದಿಟ್ಟದ್ದು. ನಡೆಯೆಂದರೆ ಆ ನಿಯಮಗಳು ಆಡುವವನ ಕೈಗೆ ಸಿಕ್ಕಾಗ ರೂಪುಗೊಳ್ಳುವ ವರ್ತನೆ. ಅನುಭವವೆಂದರೆ ಆ ನಡೆಯಿಂದ ಮನಸ್ಸಿನಲ್ಲಿ ಏಳುವ ಭಾವ. ವಿನ್ಯಾಸಕಾರ ನಿಯಮದ ಕಡೆಯಿಂದ ಅನುಭವದತ್ತ ಹೋಗುತ್ತಾನೆ. ಆಡುವವನು ಅನುಭವದ ಕಡೆಯಿಂದ ಆಟವನ್ನು ಪ್ರವೇಶಿಸುತ್ತಾನೆ. ವಿಮರ್ಶಕ ಎರಡೂ ದಿಕ್ಕುಗಳಲ್ಲಿ ನಡೆದಾಡಬೇಕು.

ಟೆಟ್ರಿಸ್‌ಗೆ ಇದನ್ನು ಅನ್ವಯಿಸಿ ನೋಡೋಣ. ನಿಂಟೆಂಡೊ ಸಂಸ್ಥೆಯ 1989ರ ಆವೃತ್ತಿಯ ಆರಂಭದ ಹಂತದಲ್ಲಿ ಒಂದು ಸಾಲನ್ನು ಅಳಿಸಿದರೆ 40 ಅಂಕ. ಒಮ್ಮೆಗೇ ನಾಲ್ಕು ಸಾಲು ಅಳಿಸಿದರೆ 1200 ಅಂಕ. ನಾಲ್ಕು ಸಾಲನ್ನು ಬಿಡಿಬಿಡಿಯಾಗಿ ಅಳಿಸಿದವನಿಗೆ ದೊರೆಯುವುದು 160 ಮಾತ್ರ. ಒಮ್ಮೆಗೇ ನಾಲ್ಕನ್ನು ಅಳಿಸಲು ಉದ್ದನೆಯ ತುಂಡೊಂದೇ ಸಾಧನ. ಇದು ನಿಯಮ. ಪರಿಣಾಮವಾಗಿ ಆಡುವವನು ಒಂದು ಅಂಚಿನ ಕಂಬಸಾಲನ್ನು ಖಾಲಿ ಬಿಟ್ಟು, ಉಳಿದುದನ್ನು ಎತ್ತರಿಸುತ್ತ ಉದ್ದನೆಯ ತುಂಡಿಗಾಗಿ ಕಾಯತೊಡಗುತ್ತಾನೆ. ಕಾಯಬೇಕೆಂದು ಯಾವ ನಿಯಮವೂ ಹೇಳಿಲ್ಲ, ಇದು ನಡೆ. ಕಾದಷ್ಟೂ ಲಾಭದ ಆಸೆಯೂ ಸೋಲಿನ ಭಯವೂ ಒಟ್ಟೊಟ್ಟಿಗೆ ಏರುತ್ತವೆ, ಇದು ಅನುಭವ. ಮಿತಿ ಮೀರಿದ ಆಸೆಯ ಕಥೆಯನ್ನು ಹೇಳಲು ಇಲ್ಲಿ ಪಾತ್ರವೂ ಬೇಕಾಗಲಿಲ್ಲ, ಮಾತೂ ಬೇಕಾಗಲಿಲ್ಲ. ಅಂಕಗಳ ಹಂಚಿಕೆಯೊಂದೇ ಸಾಕಾಯಿತು.

ಗ್ರಂಥಸಂಪಾದನೆಯ ಪರಂಪರೆಯಿರುವ ನಮಗೆ ಇನ್ನೊಂದು ಅಂಶ ವಿಶೇಷವಾಗಿ ಹಿಡಿಸಬೇಕು. ಹಳೆಯ ಆವೃತ್ತಿಗಳಲ್ಲಿ ಉದ್ದನೆಯ ತುಂಡು ಯಾವಾಗ ಬರುತ್ತದೆಂಬ ಖಾತರಿಯಿರಲಿಲ್ಲ. 2000ದ ದಶಕದಿಂದೀಚಿನ ಅಧಿಕೃತ ಆವೃತ್ತಿಗಳಲ್ಲಿ ಸಾಮಾನ್ಯವಾಗಿ ಏಳೂ ತುಂಡುಗಳನ್ನು ಒಂದು ಚೀಲದಲ್ಲಿ ಕಲಸಿದಂತೆ ಮಾಡಿ, ಅವು ಮುಗಿದ ಮೇಲೆಯೇ ಮತ್ತೆ ಕಲಸಲಾಗುತ್ತದೆ. ಆದುದರಿಂದ ಎರಡು ಉದ್ದನೆಯ ತುಂಡುಗಳ ನಡುವೆ ಹನ್ನೆರಡಕ್ಕಿಂತ ಹೆಚ್ಚು ಬೇರೆ ತುಂಡುಗಳು ಬರಲಾರವು. ಮೊದಲಿನದರಲ್ಲಿ ಕಾಯುವುದು ಜೂಜು. ಎರಡನೆಯದರಲ್ಲಿ ಅದು ಲೆಕ್ಕಾಚಾರ. ಹೊರಗಿನಿಂದ ನೋಡಿದರೆ ಆಟ ಒಂದೇ, ಚಿತ್ರಗಳೂ ಅವೇ. ಪಾಠಾಂತರವೊಂದು ಅರ್ಥವನ್ನೇ ಬದಲಿಸಿದೆ. ಯಾವ ಆವೃತ್ತಿ, ಯಾವ ಯಂತ್ರ ಎಂಬುದನ್ನು ದಾಖಲಿಸದೆ ಆಟದ ಬಗ್ಗೆ ಬರೆಯುವುದು ಯಾವ ಹಸ್ತಪ್ರತಿಯೆಂದು ತಿಳಿಸದೆ ಪಾಠನಿರ್ಣಯ ಮಾಡಿದಂತೆ.

3. ಪಾತ್ರ, ರಸ ಮತ್ತು ಹೊಣೆ

ನಿಯಮವೆಂಬುದು ಒಣ ಗಣಿತ, ಅದರಲ್ಲಿ ಮಾನವೀಯವಾದುದೇನಿದೆ ಎಂಬ ಸಂದೇಹ ಇಲ್ಲಿ ಮೂಡಬಹುದು. 1980ರಲ್ಲಿ ಜಪಾನಿನ ತೊರು ಇವಾಟಾನಿ ರೂಪಿಸಿದ ‘ಪ್ಯಾಕ್-ಮ್ಯಾನ್’ ಆಟದ ನಾಲ್ಕು ಭೂತಗಳನ್ನು ಗಮನಿಸಬೇಕು. ಕೆಂಪು ಭೂತ ಆಡುವವನಿರುವ ಜಾಗಕ್ಕೇ ಗುರಿಯಿಟ್ಟು ಬೆನ್ನಟ್ಟುತ್ತದೆ. ಗುಲಾಬಿ ಭೂತ ಅವನ ಮುಂದಿನ ನಾಲ್ಕು ಮನೆಗಳಾಚೆಗೆ ಗುರಿಯಿಟ್ಟು ದಾರಿಗಟ್ಟುತ್ತದೆ. ಕಿತ್ತಳೆ ಬಣ್ಣದ್ದು ದೂರದಲ್ಲಿದ್ದಾಗ ಅಟ್ಟಿಬಂದು ಹತ್ತಿರವಾದೊಡನೆ ತನ್ನ ಮೂಲೆಗೆ ಹಿಂದಿರುಗುತ್ತದೆ. ಇವುಗಳಿಗೆ ಮಾತಿಲ್ಲ, ಪೂರ್ವಕಥೆಯಿಲ್ಲ. ಆದರೂ ಆಡುವವರು ಒಂದನ್ನು ಹಠಮಾರಿಯೆಂದೂ ಇನ್ನೊಂದನ್ನು ಕುಟಿಲವೆಂದೂ ಮತ್ತೊಂದನ್ನು ಪುಕ್ಕಲೆಂದೂ ಗುರುತಿಸುತ್ತಾರೆ. ಪಾತ್ರಸೃಷ್ಟಿ ಇಲ್ಲಿ ವರ್ಣನೆಯಿಂದ ಆದುದಲ್ಲ. ಒಂದೊಂದು ಸಾಲಿನ ನಿಯಮದಿಂದ ಆದುದು.

ಇನ್ನೂ ಗಂಭೀರವಾದ ಉದಾಹರಣೆ ಲೂಕಸ್ ಪೋಪ್ ಅವರ 2013ರ ‘ಪೇಪರ್ಸ್, ಪ್ಲೀಸ್’. ಕಲ್ಪಿತ ದೇಶವೊಂದರ ಗಡಿಯಲ್ಲಿ ಕಾಗದಪತ್ರ ತಪಾಸಣೆ ಮಾಡುವ ಗುಮಾಸ್ತನ ಕೆಲಸ ಆಡುವವನದು. ಎಷ್ಟು ಜನರ ತಪಾಸಣೆ ಮುಗಿಯಿತೋ ಅಷ್ಟು ಸಂಬಳ. ಆ ಸಂಬಳದಲ್ಲಿ ಬಾಡಿಗೆ, ಊಟ, ಚಳಿಗೆ ಶಾಖ, ಕಾಯಿಲೆ ಬಿದ್ದವರಿಗೆ ಔಷಧಿ ಎಲ್ಲವೂ ನಡೆಯಬೇಕು. ದಿನಕಳೆದಂತೆ ಹೊಸ ಹೊಸ ಕಟ್ಟಳೆಗಳು ಸೇರುತ್ತವೆ. ಗಂಡನ ಪತ್ರಗಳೆಲ್ಲ ಸರಿಯಿದ್ದು, ಅವನ ಹಿಂದೆ ಬರುವ ಹೆಂಡತಿಯ ಬಳಿ ಪ್ರವೇಶದ ಪರವಾನಗಿ ಇಲ್ಲದ ಸಂದರ್ಭವೊಂದು ಬರುತ್ತದೆ. ದಿನಕ್ಕೆ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ. ಗುಮಾಸ್ತನ ಕಣ್ತಪ್ಪಿಗೆಂದು ಇಟ್ಟಂತೆ ತೋರುವ ಈ ರಿಯಾಯಿತಿ ಬಹುಬೇಗ ಬೇರೊಂದು ರೂಪ ತಾಳುತ್ತದೆ. ದಿನಕ್ಕೆ ಇಬ್ಬರಿಗೆ ಖರ್ಚಿಲ್ಲದೆ ಕರುಣೆ ತೋರಬಹುದು. ಮೂರನೆಯವರ ಮೇಲಿನ ಕರುಣೆಗೆ ಮನೆಯವರ ಅನ್ನದಿಂದ ಕಡಿಯಬೇಕು. ಕಣ್ತಪ್ಪಿನಿಂದ ಆ ಎರಡು ಅವಕಾಶಗಳೂ ಮುಗಿದಿದ್ದರೆ ಎದುರು ನಿಂತ ಹೆಂಗಸಿಗೆ ಉಳಿದುದೇನೂ ಇಲ್ಲ. ಅಧಿಕಾರಶಾಹಿಯಲ್ಲಿ ದಯೆಗೂ ಪಡಿತರವಿದೆ ಎಂಬ ಮಾತನ್ನು ಆಟ ಎಲ್ಲಿಯೂ ಹೇಳುವುದಿಲ್ಲ. ಆಡುವವನು ತಾನೇ ಲೆಕ್ಕವಿಟ್ಟು ತಿಳಿಯುತ್ತಾನೆ.

ಇಲ್ಲಿ ಭಾರತೀಯ ಕಾವ್ಯಮೀಮಾಂಸೆಗೆ ನಿಜವಾದ ಸವಾಲೊಂದಿದೆ. ಭಟ್ಟನಾಯಕ, ಅಭಿನವಗುಪ್ತರು ಬೆಳೆಸಿದ ಸಾಧಾರಣೀಕರಣದ ಕಲ್ಪನೆಯಂತೆ ರಂಗದ ಮೇಲಿನ ದುಃಖ ನನ್ನದೂ ಅಲ್ಲ, ಇನ್ನೊಬ್ಬನದೂ ಅಲ್ಲ. ‘ನಾನು’ ಎಂಬುದು ಕರಗಿದ್ದರಿಂದಲೇ ಅದು ಆಸ್ವಾದ್ಯವಾಗುತ್ತದೆ. ಸಹೃದಯನು ಸೀತೆಯ ಪರಿತ್ಯಾಗಕ್ಕೆ ಮರುಗಬಹುದು. ಅವಳನ್ನು ಕಾಡಿಗಟ್ಟಿದವನು ತಾನೆಂಬ ಪಾಪಪ್ರಜ್ಞೆ ಅವನಿಗೆ ಬರುವುದಿಲ್ಲ. ಆಟದಲ್ಲಾದರೋ ಆ ಹೆಂಗಸನ್ನು ಹಿಂದಕ್ಕಟ್ಟಿದ ಮುದ್ರೆಯನ್ನು ಒತ್ತಿದ್ದು ನನ್ನದೇ ಕೈ. ಆಡುವವನು ಪ್ರೇಕ್ಷಕನೂ ಹೌದು, ನಟನೂ ಹೌದು; ಒಂದು ಮಿತಿಯಲ್ಲಿ ಕರ್ತೃವೂ ಹೌದು. ಹೊಣೆಗಾರಿಕೆ, ನಾಚಿಕೆ, ಪಶ್ಚಾತ್ತಾಪಗಳಂತಹ ಭಾವಗಳು ಇಲ್ಲಿ ಸಾಧಾರಣೀಕರಣಗೊಳ್ಳದೆ ಸ್ವಂತದವಾಗಿಯೇ ಉಳಿಯುತ್ತವೆ. ಹಾಗಾದರೆ ಇದು ರಸವೋ, ಲೌಕಿಕ ಭಾವವೋ? ಎರಡರ ನಡುವಣ ಮೂರನೆಯ ಸ್ಥಿತಿಯೋ? ಈ ಪ್ರಶ್ನೆಯನ್ನು ಪಶ್ಚಿಮದ ಆಟವಿಮರ್ಶೆ ಈ ಪರಿಭಾಷೆಯಲ್ಲಿ ಕೇಳಲಾರದು. ರಸಸಿದ್ಧಾಂತವನ್ನು ಪಾಠ ಹೇಳುವ ಕನ್ನಡ ಅಧ್ಯಾಪಕರು ಕೇಳಬಲ್ಲರು.

4. ನಮ್ಮ ಪಠ್ಯಗಳತ್ತ

ನಿಯಮದ ಓದು ಪರದೆಯ ಮೇಲಿನ ಆಟಗಳಿಗಷ್ಟೇ ಸೀಮಿತವಲ್ಲ. ಸಭಾಪರ್ವದ ಜೂಜಿನ ಪ್ರಸಂಗವನ್ನು ನಾವು ವರ್ಷವರ್ಷವೂ ಧರ್ಮಸಂಕಟದ ಪಾಠವಾಗಿ ಬೋಧಿಸುತ್ತೇವೆ. ಧರ್ಮರಾಯನು ಮೊದಲು ತನ್ನನ್ನು ಸೋತನೋ, ನನ್ನನ್ನು ಸೋತನೋ ಎಂಬ ದ್ರೌಪದಿಯ ಪ್ರಶ್ನೆಯಾದರೂ ಮೂಲತಃ ಆಟದ ನಿಯಮವನ್ನು ಕುರಿತದ್ದು. ತನ್ನನ್ನೇ ಸೋತವನಿಗೆ ಪಣವೊಡ್ಡುವ ಹಕ್ಕು ಉಳಿದಿದೆಯೇ? ಆ ಸಭೆಯಲ್ಲಿ ನೆರೆದವರೆಲ್ಲ ಆಟದ ಫಲಿತಾಂಶವನ್ನು ನೋಡಿದರು. ನಡೆಗಳ ಅನುಕ್ರಮವನ್ನು ಪರೀಕ್ಷಿಸಿದವಳು ಆಡದೆಯೇ ಪಣವಾದ ಒಬ್ಬಳು. ಭೀಷ್ಮನಂತಹವನೂ ಉತ್ತರಿಸಲಾಗದೆ ಹೋದದ್ದಕ್ಕೆ ಕಾರಣ ನಿಯಮದಲ್ಲಿಯೇ ಇದ್ದ ಆ ಬಿರುಕು. ನಿಯಮವನ್ನು ಓದಬಲ್ಲವರು ಮಾತ್ರ ಅಧಿಕಾರವನ್ನು ಪ್ರಶ್ನಿಸಬಲ್ಲರು ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಇದರ ಪಕ್ಕದಲ್ಲಿ ತುಳುವಿನ ಸಿರಿ ಪಾಡ್ದನವನ್ನಿಟ್ಟು ನೋಡಬೇಕು. ಸಿರಿಯ ಮೊಮ್ಮಕ್ಕಳಾದ ಅವಳಿಗಳು ಅಬ್ಬಗ-ದಾರಗ ಚೆನ್ನೆಮಣೆಯಾಡುವಾಗ ಜಗಳ ಹತ್ತಿ, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದ ಹೊಡೆದು, ಕೊನೆಗೆ ಇಬ್ಬರೂ ಇಲ್ಲವಾಗುತ್ತಾರೆ. ಗೋಪಾಲ ನಾಯ್ಕರು ಹಾಡಿದ ಈ ಮಹಾಕಾವ್ಯವನ್ನು ಲೌರಿ ಹೊಂಕೊ, ಅನೇಲಿ ಹೊಂಕೊ, ಚಿನ್ನಪ್ಪ ಗೌಡ, ವಿವೇಕ ರೈ ಅವರು 1998ರಲ್ಲಿ ಪ್ರಕಟಿಸಿದ ಮೇಲೆ ಅದರ ಕಥನ, ಆಚರಣೆ, ಸ್ತ್ರೀಸಂವೇದನೆಗಳ ಬಗ್ಗೆ ಮಹತ್ವದ ಚರ್ಚೆ ನಡೆದಿದೆ. ಆದರೆ ಪಗಡೆಯೋ ಚೌಕಾಬಾರವೋ ಆಗದೆ ಚೆನ್ನೆಯೇ ಏಕೆ ಎಂಬ ಪ್ರಶ್ನೆಯೂ ಕೇಳುವಂತಹದೇ.

ಚೆನ್ನೆಯ ಪ್ರಕಾರಗಳು ಹಲವಿದ್ದರೂ ಸಾಮಾನ್ಯ ಸ್ವರೂಪ ಒಂದೇ. ಎರಡು ಸಾಲಿನಲ್ಲಿ ಏಳೇಳು ಗುಳಿಗಳು; ಅವುಗಳಲ್ಲಿ ತುಂಬಿದ ಬೀಜಗಳು. ತನ್ನ ಒಂದು ಗುಳಿಯ ಬೀಜಗಳನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತ ಹೋಗಬೇಕು. ಇಲ್ಲಿ ದಾಳವಿಲ್ಲ, ಆದುದರಿಂದ ಸೋತವಳು ವಿಧಿಯನ್ನಾಗಲಿ ಶಕುನಿಯನ್ನಾಗಲಿ ದೂರುವಂತಿಲ್ಲ. ಎಲ್ಲ ಬೀಜಗಳೂ ಇಬ್ಬರ ಕಣ್ಣೆದುರಿಗೇ ಇವೆ. ಬೀಜಗಳಿಗೆ ಬಣ್ಣಭೇದವಿಲ್ಲ, ಅವು ಯಾರ ಗುಳಿಯಲ್ಲಿವೆಯೋ ಅವರವು. ನನ್ನ ಕೈಯಿಂದ ಬಿದ್ದ ಬೀಜ ಅವಳದಾಗುತ್ತದೆ, ಅವಳು ಬಿತ್ತಿದ್ದು ನನ್ನದಾಗುತ್ತದೆ. ಒಟ್ಟು ಮೊತ್ತ ಬದಲಾಗದ್ದರಿಂದ ಒಬ್ಬಳ ಗಳಿಕೆ ಇನ್ನೊಬ್ಬಳ ನಷ್ಟವೇ. ಒಂದೇ ಬಸಿರನ್ನು ಹಂಚಿಕೊಂಡು ಬಂದ, ಯಾವುದು ಯಾರದೆಂದು ಬೇರ್ಪಡಿಸಲಾಗದ ಅವಳಿಗಳ ಸಂಬಂಧಕ್ಕೂ ಈ ನಿಯಮಕ್ಕೂ ಇರುವ ಹೊಂದಿಕೆ ಆಕಸ್ಮಿಕವೆನ್ನಲು ಮನಸ್ಸೊಪ್ಪುವುದಿಲ್ಲ. ಮಹಾಭಾರತದ ದುರಂತ ದಾಳದ ದುರಂತ. ಪಾಡ್ದನದ್ದು ಹಂಚಿಕೆಯ ದುರಂತ. ಈ ವ್ಯತ್ಯಾಸ ಕಥೆಯ ಸಾರಾಂಶದಲ್ಲಿ ಕಾಣಿಸದು. ಆಡಿ ನೋಡಿದವರಿಗೆ ಕಾಣಿಸುತ್ತದೆ.

ನಮ್ಮ ಜಾನಪದ ಸಂಗ್ರಹಗಳ ಒಂದು ಮಿತಿಯೂ ಇಲ್ಲಿ ಬಯಲಾಗುತ್ತದೆ. ಅನೇಕ ಕಡೆ ಆಟದ ಹೆಸರು, ಜತೆಯ ಹಾಡು, ಆಡುವ ಕಾಲ ಇವು ದಾಖಲಾಗಿವೆ. ನಿಯಮ ಮಾತ್ರ ಎರಡು ವಾಕ್ಯಗಳಲ್ಲಿ ಮುಗಿದುಹೋಗಿದೆ. ಓದಿದವರು ಆ ವಿವರಣೆಯನ್ನಷ್ಟೇ ಹಿಡಿದು ಆಟವನ್ನು ಕೊನೆಯವರೆಗೆ ಆಡಬಲ್ಲರೇ ಎಂಬುದು ದಾಖಲೆಯ ಅಳತೆಗೋಲಾಗಬೇಕು. ಬಲ್ಲವರು ಇರುವಾಗಲೇ ಈ ಕೆಲಸ ಆಗದಿದ್ದರೆ ನಮ್ಮಲ್ಲಿ ಆಟಗಳ ಹೆಸರುಗಳಷ್ಟೇ ಉಳಿದಾವು.

5. ವಿನ್ಯಾಸವೇಕೆ?

ವಿಶ್ಲೇಷಣೆ ಸಾಕು, ವಿನ್ಯಾಸ ನಮ್ಮ ಕೆಲಸವೇ ಎಂದು ಕೇಳಬಹುದು. ಛಂದಸ್ಸಿನ ಪಾಠವನ್ನು ನೆನೆದರೆ ಉತ್ತರ ಹೊಳೆಯುತ್ತದೆ. ಒಂದು ಕಂದಪದ್ಯವನ್ನು ತಾನೇ ಕಟ್ಟಲು ಯತ್ನಿಸಿದ ವಿದ್ಯಾರ್ಥಿಗೆ ಮಾತ್ರಾಗಣಗಳ ಬಿಗಿಯ ಅರಿವು ಪಟ್ಟಿ ಒಪ್ಪಿಸಿದವನಿಗಿಂತ ಬೇರೆಯದೇ ಆಗಿರುತ್ತದೆ. ಆತ ಕವಿಯಾಗಬೇಕೆಂಬುದು ಆ ಅಭ್ಯಾಸದ ಗುರಿಯಲ್ಲ.

ಇದಕ್ಕೆ ಗಣಕಯಂತ್ರವೂ ಬೇಕಿಲ್ಲ. ಹುಲಿ-ಕುರಿ ಆಟದಲ್ಲಿ ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕಡಿಯುತ್ತದೆ. ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕದಲದಂತೆ ಮಾಡುತ್ತವೆ. ಕುರಿಗಳನ್ನು ಹನ್ನೆರಡಕ್ಕಿಳಿಸಿ ಆಡಿಸಿ, ಏನಾಯಿತೆಂದು ಬರೆಸಬೇಕು. ಹುಲಿಯೊಂದನ್ನು ತೆಗೆದು ಮತ್ತೆ ಬರೆಸಬೇಕು. ಒಂದೇ ನಿಯಮ ಬದಲಾದಾಗ ಬಲಾಬಲವೂ ಭಾವವೂ ಹೇಗೆ ಪಲ್ಲಟಗೊಳ್ಳುತ್ತವೆಂಬುದು ಒಂದು ಮಧ್ಯಾಹ್ನದಲ್ಲಿ ಮನವರಿಕೆಯಾಗುತ್ತದೆ. ಮುಂದಿನ ಹಂತದಲ್ಲಿ ‘ಟ್ವೈನ್’ನಂತಹ ಉಚಿತ ತಂತ್ರಾಂಶ ಬಳಸಬಹುದು. 2009ರಲ್ಲಿ ಕ್ರಿಸ್ ಕ್ಲಿಮಸ್ ರೂಪಿಸಿದ ಇದರಲ್ಲಿ ಯುನಿಕೋಡ್ ಕನ್ನಡದಲ್ಲಿಯೇ ಕವಲೊಡೆಯುವ ಕಥನವನ್ನು ಬರೆಯಬಹುದು. ಟೊರಾಂಟೊದ ಪುಟ್ಟ ತಂಡವೊಂದು 2023ರಲ್ಲಿ ಹೊರತಂದ ‘ವೆಣ್ಬಾ’ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬವೊಂದನ್ನು ಕುರಿತದ್ದು. ಹರಿದುಹೋದ ಅಡುಗೆ ಪುಸ್ತಕದ ಸಹಾಯದಿಂದ ಇಡ್ಲಿಯಂತಹ ತಿನಿಸುಗಳನ್ನು ಮಾಡುವುದೇ ಅಲ್ಲಿನ ಆಟ. ಪುಟದಲ್ಲಿ ಕಾಣೆಯಾದುದನ್ನು ಊಹಿಸಿ ತುಂಬಬೇಕು. ಪರಂಪರೆಯ ನಷ್ಟ ಇಲ್ಲಿ ಆಟದ ನಿಯಮವೇ ಆಗಿದೆ. ನಮ್ಮ ನೆರೆಯ ಭಾಷೆಯೊಂದರ ಬದುಕಿನಿಂದ ಇದು ಸಾಧ್ಯವಾಗಿದೆಯೆಂದಾದರೆ ಕನ್ನಡಕ್ಕೂ ದಾರಿಯಿದೆ.

ಪರಿಭಾಷೆಯ ಬಗ್ಗೆಯೂ ಅಂಜಬೇಕಿಲ್ಲ. ಸಂಸ್ಕೃತದಿಂದ ಹೊಸ ಪದಗಳನ್ನು ಟಂಕಿಸುವ ಮೊದಲು ಆಡುವವರ ಬಾಯಲ್ಲಿರುವುದನ್ನು ಕೇಳಿಸಿಕೊಳ್ಳಬೇಕು. ಗರ, ಕಾಯಿ, ಮನೆ, ಕಟ್ಟೆ, ಕಡಿ, ಹಣ್ಣಾಗು ಇವು ಅಳತೆಯಿರುವ ಪಾರಿಭಾಷಿಕ ಪದಗಳೇ. ಗುರಿ ಮುಟ್ಟಿದ ಕಾಯಿಯನ್ನು ‘ಹಣ್ಣಾಯಿತು’ ಎನ್ನುವ ಭಾಷೆಯಲ್ಲಿ ಆಟದ ಮುಕ್ತಾಯವೂ ಒಂದು ಮಾಗುವಿಕೆ. ‘ಆಡು’ ಎಂಬ ಒಂದೇ ಧಾತು ಆಟಕ್ಕೂ ಮಾತಿಗೂ ಸಲ್ಲುತ್ತದೆ. ಕರಾವಳಿಯಲ್ಲಿ ‘ಆಟ’ವೆಂದರೆ ಯಕ್ಷಗಾನ. ಆಟ, ಮಾತು, ಪ್ರದರ್ಶನಗಳನ್ನು ಒಂದೇ ಬೇರಿನಲ್ಲಿ ಹಿಡಿದಿರುವ ಈ ಭಾಷೆಯಲ್ಲಿ ಆಟದ ಮೀಮಾಂಸೆ ಪರಕೀಯವಾಗಬೇಕಾದ ಕಾರಣವಿಲ್ಲ.

6. ಆಕ್ಷೇಪ ಮತ್ತು ಅಗತ್ಯ

ಆಟಗಳು ಬಂಡವಾಳದ ಸರಕು, ಚಟದ ಮೂಲ, ಅವುಗಳಿಗೆ ವಿದ್ವತ್ತಿನ ಮನ್ನಣೆ ಏಕೆ ಎಂಬ ಆಕ್ಷೇಪ ಸುಲಭವಾಗಿ ತಳ್ಳಿಹಾಕುವಂತಹದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕೃತವಾದ ತನ್ನ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳನ್ನು ಸೇರಿಸಿದೆ. ಆದರೆ ಗೀಳನ್ನು ಹುಟ್ಟಿಸುವುದೂ ವಿನ್ಯಾಸವೇ. ಗೆಲುವಿನ ಅಂಚಿಗೆ ತಂದು ಕೈಬಿಡುವುದು, ದಿನವೂ ಬಾರದಿದ್ದರೆ ಗಳಿಸಿದ್ದನ್ನು ಕಸಿಯುವುದು, ಕಾಯುವ ಹೊತ್ತನ್ನು ಹಣಕ್ಕೆ ಮಾರುವುದು ಇವೆಲ್ಲ ಬರೆದಿಟ್ಟ ನಿಯಮಗಳು. ಇವುಗಳನ್ನು ಬಿಡಿಸಿ ತೋರಿಸಬಲ್ಲ ಅಧ್ಯಾಪಕನ ಮಾತಿಗೆ ‘ಆಡಬೇಡ’ ಎಂದಷ್ಟೇ ಹೇಳುವವನ ಮಾತಿಗಿಂತ ಹೆಚ್ಚಿನ ತೂಕವಿರುತ್ತದೆ.

ಕಾನೂನಿನ ಕ್ಷೇತ್ರದಲ್ಲಿ ಈ ಅಗತ್ಯ ಇನ್ನೂ ಸ್ಪಷ್ಟ. ಪಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟು 2022ರಲ್ಲಿ ರದ್ದುಗೊಳಿಸಿತು. ಕೌಶಲದ ಆಟವೇ, ಅದೃಷ್ಟದ ಆಟವೇ ಎಂಬುದು ಆ ವಿವಾದದ ಕೇಂದ್ರದಲ್ಲಿತ್ತು. 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಕೌಶಲವಿರಲಿ, ಅದೃಷ್ಟವಿರಲಿ, ಹಣ ತೊಡಗಿಸುವ ಆನ್‌ಲೈನ್ ಆಟಗಳನ್ನೆಲ್ಲ ಒಂದೇ ಬಗೆಯಾಗಿ ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಪ್ರತ್ಯೇಕಿಸಿತು. ಕೌಶಲ, ಅದೃಷ್ಟ, ಪಣ ಇವುಗಳ ಅರ್ಥವನ್ನು ಕುರಿತ ಇಂತಹ ಮಹತ್ವದ ಚರ್ಚೆ ವಕೀಲರು, ಉದ್ಯಮಿಗಳು, ವೈದ್ಯರ ನಡುವೆ ನಡೆಯಿತು. ಜೂಜಿನ ಪ್ರಸಂಗವನ್ನು ಸಾವಿರ ವರ್ಷಗಳಿಂದ ಬರೆಯುತ್ತ, ಓದುತ್ತ ಬಂದ ಪರಂಪರೆಯ ವಾರಸುದಾರರ ದನಿ ಅದರಲ್ಲಿ ಕೇಳಿಸಲಿಲ್ಲ.

ಹೊಸ ವಿಭಾಗವನ್ನಾಗಲಿ ಪ್ರತ್ಯೇಕ ಪದವಿಯನ್ನಾಗಲಿ ಈ ಲೇಖನ ಕೇಳುತ್ತಿಲ್ಲ. ಸ್ನಾತಕೋತ್ತರ ತರಗತಿಯ ಸಂಸ್ಕೃತಿ ಅಧ್ಯಯನ ಅಥವಾ ಜಾನಪದದ ಪತ್ರಿಕೆಯಲ್ಲಿ ಒಂದು ಘಟಕ, ಅದರಲ್ಲಿ ಪರದೆಯ ಆಟವೊಂದು, ಮಣೆಯ ಆಟವೊಂದು, ವಿದ್ಯಾರ್ಥಿಯೇ ಬದಲಿಸಿ ಪರೀಕ್ಷಿಸಿದ ನಿಯಮವೊಂದು; ಆರಂಭಕ್ಕೆ ಇಷ್ಟು ಸಾಕು. ಜತೆಗೆ, ಕ್ಷೇತ್ರಕಾರ್ಯಕ್ಕೆ ಹೋಗುವ ಸಂಶೋಧಕರು ಹಾಡನ್ನು ಬರೆದುಕೊಳ್ಳುವಷ್ಟೇ ಶ್ರದ್ಧೆಯಿಂದ ನಿಯಮವನ್ನೂ ಬರೆದುಕೊಳ್ಳಬೇಕು. ಬರೆದುಕೊಂಡ ಮೇಲೆ, ಹೇಳಿಕೊಟ್ಟವರ ಎದುರು ಕುಳಿತು ಒಂದು ಸುತ್ತು ಆಡಿ ನೋಡಬೇಕು.